ಪಾಲಿಗೆ ಬಂದ ದುಡ್ಡಿನಲ್ಲಿ ಪರ್ಫಾರ್ಮೆನ್ಸ್ ಕಾರು: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರಿಂದ ಮೂರು ವರ್ಷ ಓಡಿರುವ, 150 ಕುದುರೆಶಕ್ತಿ ಅಥವಾ ಅದಕ್ಕೆ ಮೇಲ್ಪಟ್ಟ ಪೆಟ್ರೋಲ್ ಕಾರನ್ನು ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ಕೊಳ್ಳಬೇಕು ಎನ್ನುವವರಿಗಾಗಿ ಈ ಪುಟ. ಕಾರಿನ ಪ್ರಶ್ನೆ ಓದುವ ಆತುರವಿದ್ದರೂ ಮೊದಲ ಮೂರು ಪ್ರಶ್ನೆಗಳನ್ನು ದಾಟಿ ಹೋಗಬೇಡಿ. ಗಾಡಿಯಲ್ಲಿ ಕೈ ಸುಟ್ಟುಕೊಂಡವರಿಗಿಂತ ಪಾಲಿನ ಲೆಕ್ಕದಲ್ಲಿ ಸುಟ್ಟುಕೊಂಡವರ ಪಾಡು ಕಷ್ಟ.

ಅಪ್ಪನ ಠೇವಣಿಗೆ ನಾನೇ ನಾಮಿನಿ. ಹಣ ನನ್ನ ಖಾತೆಗೆ ಬಂದಾಗಿದೆ. ಇನ್ನು ಕಾರು ಕೊಳ್ಳಬಹುದಲ್ಲ?

ಹಣ ನಿಮ್ಮ ಖಾತೆಗೆ ಬಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ನಾಮಿನಿ ಎಂದರೆ ವಾರಸುದಾರರ ಪರವಾಗಿ ಹಣ ಪಡೆಯುವವನು, ಅಷ್ಟೆ. ಉಯಿಲು ಇಲ್ಲದಿದ್ದರೆ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರಿಗೂ ಅದರಲ್ಲಿ ಪಾಲಿದೆ. "ಮದುವೆ ಮಾಡಿಕೊಟ್ಟಾಯಿತಲ್ಲ" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲದು. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರಲ್ಲಿ ಕೇಂದ್ರದ ಕಾನೂನು ಬಂತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಹೇಳಿ ಗೊಂದಲ ಮುಗಿಸಿತು.

ಆದ್ದರಿಂದ ಮಾಡಬೇಕಾದ ಕೆಲಸದ ಕ್ರಮ ಹೀಗೆ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಜಮೀನಿದ್ದರೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು). ಆಮೇಲೆ ಸ್ಥಿರಾಸ್ತಿಗೆ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ. ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರೆ ಸಾಲದು. ಬ್ಯಾಂಕಿನ ಹಣದ ಹಂಚಿಕೆಗೂ ಎಲ್ಲರ ಸಹಿ ಇರುವ ಒಂದು ಒಪ್ಪಂದ ಇರಲಿ. ತೀರಿಕೊಂಡವರ ಸಾಲಗಳನ್ನೂ ಈಗಲೇ ಹುಡುಕಿ: ಸೊಸೈಟಿಯ ಬೆಳೆ ಸಾಲ, ಒಡವೆ ಸಾಲ, ಊರಿನ ಕೈಸಾಲ. ಬಂದ ಆಸ್ತಿಯ ಮಿತಿಯೊಳಗೆ ಆ ಸಾಲಕ್ಕೆ ವಾರಸುದಾರರೇ ಹೊಣೆ. ವ್ಯಾಜ್ಯ ಶುರುವಾದರೆ ಮನೆ ಮುಂದೆ ನಿಂತಿರುವ ಕೆಂಪು ಕಾರಿನಷ್ಟು ಸುಲಭದ ಸಾಕ್ಷಿ ಎದುರು ವಕೀಲರಿಗೆ ಬೇರೊಂದಿಲ್ಲ.

ಬಂದ ಹಣಕ್ಕೆ ತೆರಿಗೆ ಕಟ್ಟಬೇಕೇ?

ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆ ಇಲ್ಲ. ತೀರಿಕೊಂಡವರ ಆಸ್ತಿಯ ಮೇಲಿದ್ದ ಎಸ್ಟೇಟ್ ಸುಂಕ 1985ರಲ್ಲೇ ರದ್ದಾಯಿತು. ಆದರೆ ಬಂದ ಠೇವಣಿಯ ಮುಂದಿನ ಬಡ್ಡಿ ನಿಮ್ಮ ಆದಾಯ.

ಬಂದ ಸೈಟನ್ನು ಮಾರಿ ಕಾರು ಕೊಳ್ಳುವ ಯೋಚನೆಯಿದ್ದರೆ ಲೆಕ್ಕ ಬೇರೆ. ಅಪ್ಪ ಕೊಂಡ ಬೆಲೆಯೇ ನಿಮ್ಮ ಕೊಂಡ ಬೆಲೆ, ಅವರ ವರ್ಷಗಳೂ ನಿಮ್ಮ ವರ್ಷಗಳಿಗೆ ಸೇರುತ್ತವೆ. 2001ರ ಏಪ್ರಿಲ್ 1ಕ್ಕೂ ಮುಂಚಿನ ಸೈಟಾದರೆ ಆ ದಿನದ ಮೌಲ್ಯವನ್ನು ಆಧಾರವಾಗಿ ಹಿಡಿಯಬಹುದು. ಲಾಭದ ಮೇಲೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸುವುದು) ಇಲ್ಲದೆ 12.5%, ಅಥವಾ 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಯಾದರೆ ಇಂಡೆಕ್ಸೇಶನ್ ಹಿಡಿದು 20%; ಎರಡರಲ್ಲಿ ಯಾವುದು ಕಡಿಮೆಯೋ ಅದು. ಮನೆ ಕೊಂಡರೆ ವಿನಾಯಿತಿ ಉಂಟು, ಕಾರು ಕೊಂಡರೆ ಇಲ್ಲ. ಹೊಲ ಮಾರುವವರು ದೂರ ನೋಡಿಕೊಳ್ಳಿ: 2011ರ ಜನಗಣತಿಯಂತೆ ಮೈಸೂರು, ಮಂಡ್ಯ ಎರಡೂ 1ರಿಂದ 10 ಲಕ್ಷ ಜನಸಂಖ್ಯೆಯ ಊರುಗಳು, ಹಾಗಾಗಿ ನಗರದ ಗಡಿಯಿಂದ ನೇರ ಅಳತೆಯಲ್ಲಿ 6 ಕಿ.ಮೀ. ಒಳಗಿನ ಕೃಷಿ ಜಮೀನಿಗೂ ಈ ತೆರಿಗೆ ತಗಲುತ್ತದೆ. ಈ ಹಣವನ್ನು ತೆಗೆದಿಟ್ಟ ಮೇಲೆ ಉಳಿದದ್ದೇ ನಿಮ್ಮದು. ಮುಂಗಡ ತೆರಿಗೆಯ ಕಂತು ಬರುವ ಹೊತ್ತಿಗೆ ಹಣವೆಲ್ಲ ಅಲಾಯ್ ಚಕ್ರಗಳ ಮೇಲೆ ನಿಂತಿದ್ದರೆ ಗಾಡಿಯನ್ನೇ ಅಗ್ಗಕ್ಕೆ ಮಾರಬೇಕಾದೀತು.

ಬಂದದ್ದರಲ್ಲಿ ಎಷ್ಟನ್ನು ಕಾರಿಗೆ ಹಾಕುವುದು?

ನಮ್ಮ ಅಭಿಪ್ರಾಯದಲ್ಲಿ ಸಾಲ, ತೆರಿಗೆ ಕಳೆದು ಉಳಿದದ್ದರ ಕಾಲು ಭಾಗಕ್ಕಿಂತ ಹೆಚ್ಚಲ್ಲ. ಅದಕ್ಕಿಂತ ಮುಖ್ಯವಾದದ್ದು ಎರಡನೇ ನಿಯಮ: ಗಾಡಿ ಸಾಕುವ ಖರ್ಚು ಸಂಬಳದಿಂದಲೋ ವ್ಯಾಪಾರದಿಂದಲೋ ಬರಬೇಕು, ಬಂದ ಗಂಟಿನಿಂದ ಅಲ್ಲ.

40 ಲಕ್ಷಕ್ಕೆ ಎರಡು ವರ್ಷದ 2 ಲೀಟರ್ ಟರ್ಬೊ ಪೆಟ್ರೋಲ್ ಕಾರು ಕೊಂಡಿರಿ ಎಂದುಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಊರೊಳಗೆ, ಹೈವೇಯಲ್ಲಿ ಸೇರಿ ಲೀಟರಿಗೆ 9 ಕಿ.ಮೀ. ಬಂದರೆ 1,333 ಲೀಟರು. ಲೀಟರಿಗೆ 102 ರೂಪಾಯಿಯಂತೆ 1.36 ಲಕ್ಷ. ವಿಮೆ 1ರಿಂದ 1.4 ಲಕ್ಷ. ಸರ್ವಿಸ್, ಬ್ರೇಕ್ ಪ್ಯಾಡ್, ಬ್ಯಾಟರಿ ಇತ್ಯಾದಿ ಸರಾಸರಿ 60 ಸಾವಿರದಿಂದ 1 ಲಕ್ಷ. 18 ಅಂಗುಲದ ಒಳ್ಳೆಯ ಟೈರು ಒಂದಕ್ಕೆ 20 ಸಾವಿರದ ಮೇಲೆ. 25ರಿಂದ 30 ಸಾವಿರ ಕಿ.ಮೀ.ಗೆ ನಾಲ್ಕೂ ಬದಲಿಸಬೇಕು, ವರ್ಷಕ್ಕೆ ಸುಮಾರು 40 ಸಾವಿರ. ಕೈಯಿಂದ ಹೋಗುವುದೇ 3.4ರಿಂದ 4.2 ಲಕ್ಷ. ಐದು ವರ್ಷದಲ್ಲಿ ಬೆಲೆ ಅರ್ಧಕ್ಕೆ ಇಳಿದರೆ ವರ್ಷಕ್ಕೆ ಇನ್ನೊಂದು 4 ಲಕ್ಷ. 40 ಲಕ್ಷವನ್ನು 6.5% ಬಡ್ಡಿಗೆ ಇಟ್ಟಿದ್ದರೆ ಬರುತ್ತಿದ್ದ 2.6 ಲಕ್ಷವೂ ಹೋಯಿತು. ಒಟ್ಟು ವರ್ಷಕ್ಕೆ 10 ಲಕ್ಷದ ಆಸುಪಾಸು. ಈ ಅಂಕಿ ನೋಡಿಯೂ ಬೇಕೆನಿಸಿದರೆ ಕೊಳ್ಳಿ, ಆಸೆ ತಪ್ಪಲ್ಲ.

ಬಡ್ಡಿ ಬರಲಿ ಎಂದು ಗಂಟು ಬ್ಯಾಂಕಿನಲ್ಲಿಟ್ಟು ಕಾರಿಗೆ ಸಾಲ ಮಾಡಿದರೆ?

ಹಳೇ ಗಾಡಿ ಸಾಲದ ಬಡ್ಡಿ ಠೇವಣಿಯ ಬಡ್ಡಿಗಿಂತ ಬಹಳ ಹೆಚ್ಚು, ಠೇವಣಿ ಬಡ್ಡಿಗೆ ತೆರಿಗೆ ಬೇರೆ. ನಷ್ಟದ ಬಾಬತ್ತು. ಅಂದಹಾಗೆ, ಹಣ ಹಾಗೇ ಇರುವಷ್ಟು ದಿನ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಮಾತ್ರ. ಸಣ್ಣ ಸಹಕಾರಿ ಬ್ಯಾಂಕಾದರೆ ಈ ಮಾತಿಗೆ ಇನ್ನೂ ತೂಕ.

ಯಾವಾಗ ಕೊಳ್ಳುವುದು ಒಳ್ಳೆಯದು?

ವರ್ಷದ ಕಾರ್ಯ ಮುಗಿಯುವ ತನಕ ಹೊಸದೇನೂ ಮನೆಗೆ ತರಬಾರದು ಎನ್ನುವ ಮನೆಗಳು ನಮ್ಮ ಕಡೆ ಈಗಲೂ ಇವೆ. ನಂಬಿಕೆ ಇರಲಿ ಬಿಡಲಿ, ಲೆಕ್ಕಕ್ಕೆ ಅದು ಚೆನ್ನಾಗಿ ಹೊಂದುತ್ತದೆ: ಅಷ್ಟರಲ್ಲಿ ಪಾಲು ಇತ್ಯರ್ಥವಾಗಿ, ತೆರಿಗೆ ಗೊತ್ತಾಗಿ, ಮರೆತ ಸಾಲಗಳೂ ಎದ್ದು ಬಂದಿರುತ್ತವೆ.

ಬೆಲೆಯ ದೃಷ್ಟಿಯಿಂದ ಆಷಾಢ ಒಳ್ಳೆಯ ಕಾಲ, ಕೊಳ್ಳುವವರು ಕಡಿಮೆ. ಆಯುಧಪೂಜೆಯ ಹಿಂದಿನ ಎರಡು ವಾರ ಚೌಕಾಸಿಗೆ ಆಸ್ಪದವಿಲ್ಲ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ಹೋಗಿ ಜಿಎಸ್‌ಟಿ 40% ಆಯಿತು, ಮೊದಲು ಎಲ್ಲ ಸೇರಿ 45ರಿಂದ 50% ಇತ್ತು. ಅದಕ್ಕೂ ಮೊದಲು ಕೊಂಡವರು ಹಳೇ ಇನ್‌ವಾಯ್ಸ್ ಮುಂದೆ ಹಿಡಿದು "ಇಷ್ಟು ಕೊಟ್ಟಿದ್ದೆ" ಎನ್ನುತ್ತಾರೆ. ನೀವು ಹೋಲಿಸಬೇಕಾದದ್ದು ಅದೇ ಮಾದರಿಯ ಇವತ್ತಿನ ಆನ್‌ರೋಡ್ ಬೆಲೆಯೊಂದಿಗೆ.

ಹೊಸದನ್ನೇ ಕೊಂಡರೆ ಏನಾಗುತ್ತದೆ?

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ (ಒಮ್ಮೆಲೇ ಕಟ್ಟುವ ರಸ್ತೆ ತೆರಿಗೆ) 18%, ಆ ತೆರಿಗೆಯ ಮೇಲೆ 11% ಸೆಸ್, ಅಂದರೆ ಬೆಲೆಯ ಹತ್ತಿರ ಹತ್ತಿರ 20%. 50 ಲಕ್ಷದ ಕಾರಿಗೆ 10 ಲಕ್ಷ. ಮೊದಲ ಮಾಲೀಕ ಕಟ್ಟಿದ ಈ ಹಣವನ್ನು ಎರಡನೇ ಕೈಯಲ್ಲಿ ಯಾರೂ ಪೂರ್ತಿ ಕೊಡುವುದಿಲ್ಲ. ಕೆಎ ನೋಂದಣಿಯ ಎರಡು ವರ್ಷದ ಗಾಡಿ ಕೊಳ್ಳುವುದರಲ್ಲಿನ ಲಾಭದ ದೊಡ್ಡ ಭಾಗ ಇದೇ.

ಯಾವ ಮಾದರಿ?

ರುಚಿ ನಿಮ್ಮದು, ಆದರೂ ಒಂದು ವಿಂಗಡಣೆ ಮಾಡಿಕೊಳ್ಳಿ: ಇಲ್ಲೇ ಜೋಡಿಸಿದ್ದೋ, ಪೂರ್ತಿ ಆಮದಾದದ್ದೋ. ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾದ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಾದ ಟಿಎಸ್‌ಐ 150 ಕುದುರೆಶಕ್ತಿ, ಹ್ಯುಂಡೈ ವರ್ನಾ ಟರ್ಬೊ 160. ಇವಕ್ಕೆ ಬಿಡಿಭಾಗ ಸಲೀಸು. ಮೇಲ್ತುದಿಯಲ್ಲಿ ಚೆನ್ನೈನಲ್ಲಿ ಜೋಡಣೆಯಾಗುವ ಬಿಎಂಡಬ್ಲ್ಯೂ ಎಂ340ಐ: ಆರು ಸಿಲಿಂಡರಿನ 3 ಲೀಟರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ಸೊನ್ನೆಯಿಂದ 100ಕ್ಕೆ 4.4 ಸೆಕೆಂಡು.

ಆಮದಾದ ಕಡೆ 2020ರ ಆಕ್ಟೇವಿಯಾ ಆರ್‌ಎಸ್ 245 ಭಾರತಕ್ಕೆ ಬಂದದ್ದು ಕೇವಲ 200. 2025ರ ಹೊಸ ಆಕ್ಟೇವಿಯಾ ಆರ್‌ಎಸ್ 100. ಅದೇ ವರ್ಷದ ಗಾಲ್ಫ್ ಜಿಟಿಐ ಮೊದಲ ಕಂತಿನಲ್ಲಿ 150. ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಮುಂದಿನ ಬಂಪರ್ ಒಡೆದರೆ ಅದು ಯುರೋಪಿನಿಂದ ಬರುವ ತನಕ ಗಾಡಿ ಶೆಡ್ಡಿನಲ್ಲಿ. ಮನೆಯಲ್ಲಿ ಇದೊಂದೇ ಕಾರು ಎಂದಾದರೆ ಆಮದಿನ ಗಾಡಿ ಬೇಡ ಎಂದೇ ನಾವು ಹೇಳುತ್ತೇವೆ. ಕೊಳ್ಳುವ ಮುನ್ನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಮೂರು ಭಾಗದ ಬೆಲೆ ಮತ್ತು ಬರಲು ಹಿಡಿಯುವ ದಿನ ಕೇಳಿ: ಮುಂದಿನ ಬ್ರೇಕ್ ಡಿಸ್ಕ್ ಜೋಡಿ, ಹೆಡ್‌ಲೈಟ್ ಒಂದು, ಕೆಳಗಿನ ಸಸ್ಪೆನ್ಷನ್ ಆರ್ಮ್ ಒಂದು. ಮೈಸೂರಿನಲ್ಲೇ ಆಗುತ್ತದೋ ಬೆಂಗಳೂರಿಗೇ ಒಯ್ಯಬೇಕೋ ಅನ್ನುವುದನ್ನೂ.

ದೆಹಲಿಯಲ್ಲಿ ಅದೇ ಗಾಡಿ 6 ಲಕ್ಷ ಅಗ್ಗಕ್ಕೆ ಸಿಗುತ್ತಿದೆ. ತರಬಹುದೇ?

ಅಗ್ಗವಾಗಿರುವುದು ಅಲ್ಲಿನ ತೆರಿಗೆ ಕಡಿಮೆ ಇರುವುದಕ್ಕೆ. ಇಲ್ಲಿಗೆ ತಂದರೆ ಕರ್ನಾಟಕದ ಆಜೀವ ತೆರಿಗೆ ಹೊಸದಾಗಿ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕ ಕಡಿತ ಉಂಟು, ಆದರೆ ಎರಡು ಮೂರು ವರ್ಷಕ್ಕೆ ಅದು ಅಲ್ಪ. 40 ಲಕ್ಷ ಮೂಲ ಬೆಲೆಯ ಕಾರಿಗೆ ಸುಮಾರು 7 ಲಕ್ಷ ಬೀಳುತ್ತದೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಇಲ್ಲಿ ಹೊಸ ನಂಬರಿಗೆ ಫಾರಂ 27, ಹೆಸರು ಬದಲಾವಣೆಗೆ 29 ಮತ್ತು 30. ಅಲ್ಲಿ ಕಟ್ಟಿದ್ದನ್ನು ವಾಪಸು ಪಡೆಯುವುದು ಮೊದಲ ಮಾಲೀಕನ ಅಲೆದಾಟ. ಲಾರಿ ಬಾಡಿಗೆ ಸೇರಿಸಿದರೆ 6 ಲಕ್ಷದ ಉಳಿತಾಯ ಕರಗಿ ಮೈನಸ್ಸಿಗೆ ಬರುತ್ತದೆ. ಪುದುಚೇರಿ ನಂಬರಿನಲ್ಲೇ ಓಡಿಸಿಕೊಂಡಿರಿ ಎನ್ನುವ ದಲ್ಲಾಳಿಯ ಮಾತು ಕೇಳಬೇಡಿ. ಬೇರೆ ರಾಜ್ಯದ ನಂಬರಿಗೆ 12 ತಿಂಗಳ ಮಿತಿ ಇದೆ, ಸಾರಿಗೆ ಇಲಾಖೆ ದುಬಾರಿ ಕಾರುಗಳನ್ನು ಹುಡುಕಿ ಹಿಡಿಯುತ್ತದೆ.

ಗಾಡಿ ನೋಡಲು ಹೋದಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು?

ಹೋಗುವ ಮೊದಲೇ "ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ" ಎಂದು ತಿಳಿಸಿ. ಮುಟ್ಟಿದಾಗ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿನ ಸ್ಟಾರ್ಟಿನ ಮೊದಲ ಐದು ಸೆಕೆಂಡಿನ ಚೈನ್ ಸದ್ದು, ಹೊಗೆ, ನಡುಕ ಬಿಸಿ ಎಂಜಿನ್ನಿನಲ್ಲಿ ಅಡಗಿಹೋಗುತ್ತವೆ.

ಮೊದಲು ಟೈರು. ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2323 ಎಂದರೆ 2023ರ 23ನೇ ವಾರ. ಗಾಡಿ 14,000 ಕಿ.ಮೀ. ಓಡಿದೆ ಎನ್ನುತ್ತಾರೆ, ಟೈರು ಗಾಡಿಗಿಂತ ಒಂದು ವರ್ಷ ಹೊಸದು ಎಂದರೆ ಒಂದೋ ಮೀಟರ್ ಸುಳ್ಳು, ಇಲ್ಲವೇ ಒಂದು ಸೆಟ್ ಟೈರನ್ನು ಅಷ್ಟರಲ್ಲೇ ಸವೆಸಿದ್ದಾರೆ. ಎರಡೂ ಒಳ್ಳೆಯ ಸುದ್ದಿಯಲ್ಲ. ಒಳಗಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಬಾಗಿದ ಆರ್ಮ್. ಅಂಗೈಯನ್ನು ಟೈರಿನ ಒಳಪಕ್ಕಕ್ಕೆ ಹಾಕಿ ಸವರಿ: ಗುಳ್ಳೆಯಂತೆ ಉಬ್ಬಿದ ಜಾಗ ಸಿಕ್ಕರೆ ಹಳ್ಳಕ್ಕೆ ಬಿದ್ದು ಒಳಗಿನ ದಾರ ಹರಿದಿದೆ. 225/40 ಟೈರಿನ ಪಕ್ಕದ ಎತ್ತರ 90 ಮಿ.ಮೀ. ಅಷ್ಟೆ, ಆ ಏಟು ರಿಮ್ಮಿಗೂ ತಗಲಿರುತ್ತದೆ.

ಆಮೇಲೆ ಬ್ರೇಕ್ ಡಿಸ್ಕ್. ಅಂಚಿನಲ್ಲಿ ಉಗುರು ಎಳೆಯಿರಿ, ಮೆಟ್ಟಿಲು ಸಿಕ್ಕರೆ ಸವೆದಿದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೇ ಕೆತ್ತಿರುತ್ತಾರೆ, ವರ್ನಿಯರ್ ಇಟ್ಟು ಅಳೆಯಬಹುದು. ನೀಲಿ ಛಾಯೆ ಕಂಡರೆ ವಿಪರೀತ ಕಾಯಿಸಿದ್ದಾರೆ.

ಬಣ್ಣದ ದಪ್ಪದ ಮೀಟರು ಬಾಡಿಗೆಗಾದರೂ ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಒಂದು ಬಾಗಿಲು ಮಾತ್ರ 250 ತೋರಿಸಿದರೆ ಮತ್ತೆ ಬಣ್ಣ ಹೊಡೆದದ್ದು. ಸಣ್ಣ ಗೀರಿಗಾಗಿ ಹೊಡೆಸಿದ್ದರೆ ಚಿಂತೆಯಿಲ್ಲ. ಛಾವಣಿ, ಅದನ್ನು ಹೊತ್ತ ಕಂಬಗಳಲ್ಲಿ ಹೆಚ್ಚು ಬಂದರೆ ಎದ್ದು ಬನ್ನಿ. ಫೆಂಡರಿನ ಬೋಲ್ಟ್ ತಲೆಗಳ ಬಣ್ಣ ಸಿಪ್ಪೆ ಎದ್ದಿದೆಯೇ, ಎಲ್ಲ ಗಾಜುಗಳ ವರ್ಷ ಒಂದೇ ಇದೆಯೇ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಅದು ಪ್ರವಾಹದಲ್ಲಿ ಮುಳುಗಿದ ಗಾಡಿ.

ಕೊನೆಗೆ ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಸ್ಕ್ಯಾನರ್. ದೋಷ ಸಂಕೇತ ಒಂದೂ ಇಲ್ಲ ಎಂದು ಖುಷಿಪಡುವ ಮುನ್ನ ಸ್ವಯಂ ತಪಾಸಣೆಗಳು ಪೂರ್ಣವಾಗಿವೆಯೇ ಎಂದು ನೋಡಿ. ಅವು ಅಪೂರ್ಣ ಎಂದಿದ್ದರೆ ಮೊನ್ನೆ ಮೊನ್ನೆಯಷ್ಟೇ ಯಾರೋ ಎಲ್ಲ ಅಳಿಸಿದ್ದಾರೆ.

ಎಂಜಿನ್ನಿನ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವ ರೀಮ್ಯಾಪ್ ಮಾಡಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಣ ಕೊಟ್ಟು ತಪಾಸಣೆ ಮಾಡಿಸಿ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಗಾಡಿಗಳಲ್ಲಿ ಸಾಫ್ಟ್‌ವೇರ್ ತಿದ್ದಿದ್ದನ್ನು ಸೂಚಿಸುವ ಟಿಡಿ1 ಎಂಬ ಗುರುತು ದಾಖಲಾಗಿದ್ದರೆ ಎಂಜಿನ್, ಗೇರ್‌ಬಾಕ್ಸಿನ ವಾರಂಟಿ ಹೋಯಿತೆಂದೇ ಲೆಕ್ಕ. ಮಾರುವ ಮುನ್ನ ಮೂಲ ಸಾಫ್ಟ್‌ವೇರ್ ಹಾಕಿಸಿದರೂ ಎಷ್ಟು ಸಲ ಬರೆದಿದ್ದಾರೆಂಬ ಎಣಿಕೆ ಸಾಮಾನ್ಯವಾಗಿ ಉಳಿದಿರುತ್ತದೆ. ರೀಮ್ಯಾಪಿನಿಂದ ಮೊದಲು ಪೆಟ್ಟು ತಿನ್ನುವುದು ಎಂಜಿನ್ ಅಲ್ಲ, ಕ್ಲಚ್. 1.5 ಟಿಎಸ್‌ಐ ಜೊತೆ ಬರುವ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸಾದ ಡಿಎಸ್‌ಜಿ ಒಣ ಕ್ಲಚ್ಚಿನದು. ಹೆಚ್ಚಿನ ಟಾರ್ಕ್ ಮತ್ತು ದಸರಾ ಟ್ರಾಫಿಕ್ಕಿನ ತೆವಳಾಟ ಎರಡೂ ಅದಕ್ಕೆ ಆಗಿಬರುವುದಿಲ್ಲ.

ಟೆಸ್ಟ್ ಡ್ರೈವ್ ಎಲ್ಲಿ?

ಮೂರು ಬಗೆಯ ರಸ್ತೆ ಬೇಕು. ರಿಂಗ್ ರಸ್ತೆಯಲ್ಲಿ 80ರ ಸ್ಥಿರ ವೇಗ: ಸ್ಟೀರಿಂಗ್ ನಡುಗಿದರೆ ರಿಮ್ ಬಾಗಿರಬಹುದು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಚಾಮುಂಡಿ ಬೆಟ್ಟದ ಏರು: ಎರಡನೇ, ಮೂರನೇ ಗೇರಿನಲ್ಲಿ ಹತ್ತಿಸಿ ಮೇಲೆ ನಿಲ್ಲಿಸಿ, ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಮಟ್ಟ ಮತ್ತು ಅದರ ಸಿಹಿ ವಾಸನೆ ಗಮನಿಸಿ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿಗಳ ಇಎ888 ಎಂಬ 2 ಲೀಟರ್ ಎಂಜಿನ್ನಿನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕವಚದಿಂದ ಕೂಲಂಟ್ ಸೋರುವುದು ಗೊತ್ತಿರುವ ಕಾಯಿಲೆ. ಆಷಾಢ ಶುಕ್ರವಾರ ಹೋಗಬೇಡಿ, ಖಾಸಗಿ ಗಾಡಿ ಮೇಲಕ್ಕೆ ಬಿಡುವುದಿಲ್ಲ.

ಮೂರನೆಯದು ನಿಮ್ಮದೇ ಊರಿನ ಹಂಪು. ನಿಯಮದ ಪ್ರಕಾರ ಹಂಪಿನ ಎತ್ತರ 10 ಸೆ.ಮೀ., ಅಗಲ 3.7 ಮೀಟರ್. ಮಂಡ್ಯದ ಹಳ್ಳಿಗಳಲ್ಲಿ ಊರಿನವರೇ ಹಾಕಿಸಿದ ಹಂಪಿಗೆ ಎತ್ತರ ಜಾಸ್ತಿ, ಅಗಲ ಒಂದು ಅಡಿ. ನಾಲ್ಕು ಜನರನ್ನು ಕೂರಿಸಿಕೊಂಡು ಅದನ್ನು ಓರೆಯಾಗಿ ದಾಟಿ ನೋಡಿ. ಹೊಟ್ಟೆ ಉಜ್ಜಿದರೆ ಆ ಗಾಡಿ ನಿಮ್ಮ ಮನೆಗಲ್ಲ, ಎಷ್ಟೇ ಚೆನ್ನಾಗಿರಲಿ.

ಹಣ ಕೊಡುವುದು, ಹೆಸರು ಬದಲಿಸುವುದು?

ಪರಿವಾಹನ್ ಜಾಲತಾಣದಲ್ಲಿ ಮಾಲೀಕರ ಕ್ರಮಸಂಖ್ಯೆ, ಹೈಪೋಥಿಕೇಶನ್ (ಗಾಡಿಯ ಮೇಲಿನ ಸಾಲದ ನಮೂದು), ಕಪ್ಪುಪಟ್ಟಿ ನೋಡಿ. ಬಾಕಿ ದಂಡವನ್ನೂ ನೋಡಿ. ಬೆಂಗಳೂರು ಗಾಡಿಯಾದರೆ ಖಂಡಿತ ಇರುತ್ತದೆ. ಚಾಸಿಯ 17 ಅಕ್ಷರದ ಸಂಖ್ಯೆಯನ್ನು ಗಾಡಿಯಲ್ಲೇ ಓದಿ ಆರ್‌ಸಿಯೊಡನೆ ತಾಳೆ ಹಾಕಿ. ಸಾಲ ಬಾಕಿ ಇದ್ದರೆ ಆ ಮೊತ್ತವನ್ನು ನೇರ ಬ್ಯಾಂಕಿಗೇ ಕಟ್ಟಿ, ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬಂದ ಮೇಲೆ ಉಳಿದದ್ದನ್ನು ಮಾಲೀಕರಿಗೆ ಕೊಡಿ. 2 ಲಕ್ಷ ಅಥವಾ ಮೇಲೆ ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ, ಹಾಗಾಗಿ ಎಲ್ಲವೂ ಬ್ಯಾಂಕ್ ಮೂಲಕ. ಡೀಲರಿಂದ 10 ಲಕ್ಷ ಮೀರಿದ ಗಾಡಿ ಕೊಂಡಾಗ ಹಿಡಿಯುವ 1% ಟಿಸಿಎಸ್ (ಮಾರುವವರು ಹಿಡಿದು ನಿಮ್ಮ ಹೆಸರಿಗೆ ಕಟ್ಟುವ ಆದಾಯ ತೆರಿಗೆ) ಖರ್ಚಲ್ಲ, ರಿಟರ್ನ್ಸ್‌ನಲ್ಲಿ ವಾಪಸು ಪಡೆಯಿರಿ. ಫಾರಂ 29, 30ರ ಅರ್ಜಿ ಮೈಸೂರು ಪಶ್ಚಿಮ ಕೆಎ-09, ಪೂರ್ವ ಕೆಎ-55, ಮಂಡ್ಯ ಕೆಎ-11, ಹೀಗೆ ನಿಮ್ಮ ವಿಳಾಸದ ಕಚೇರಿಗೆ.

ವಿಮೆ?

ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ವರ್ಗಾಯಿಸಿ. ತಡವಾದರೆ ಎದುರಿನವರ ನಷ್ಟಕ್ಕೆ ರಕ್ಷಣೆ ಇರುತ್ತದೆ, ನಿಮ್ಮ ಗಾಡಿಯ ನಷ್ಟಕ್ಕೆ ಇರುವುದಿಲ್ಲ. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೇ ಮಾಲೀಕನ ಜೊತೆ ಹೋಗುತ್ತದೆ. ಶೂನ್ಯ ಸವಕಳಿ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದ ರಕ್ಷಣೆ) ಮತ್ತು ಎಂಜಿನ್ ರಕ್ಷಣೆ ಎರಡೂ ಇರಲಿ: ನಿಂತ ನೀರಿನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾದಾ ಪಾಲಿಸಿ ಅದನ್ನು ಕೊಡುವುದಿಲ್ಲ.

ಯಾವ ಪೆಟ್ರೋಲ್?

ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ಹೇಳಿದ್ದು. 95 (ಆಕ್ಟೇನ್ ಅಂಕ) ಎಂದಿದ್ದರೆ ಇಂಡಿಯನ್ ಆಯಿಲ್ಲಿನ ಎಕ್ಸ್‌ಪಿ95 ಥರದ್ದು. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಅರ್ಧ ಇಡಬೇಡಿ, ಪೆಟ್ರೋಲಿಗೆ ಬೆರೆಸಿದ ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ನಿಂತ ಗಾಡಿಗೆ ಬ್ಯಾಟರಿ ಚಾರ್ಜರ್ ಬೇಕು, ಗದ್ದೆ ಪಕ್ಕದ ಮನೆಯಾದರೆ ಇಲಿಯ ಕಾಟಕ್ಕೂ ಉಪಾಯ ಬೇಕು. ವೈರಿಂಗ್ ಕಡಿದರೆ ಬಿಲ್ಲು ಲಕ್ಷ ಮುಟ್ಟೀತು.

ಬೆಂಗಳೂರು–ಮೈಸೂರು ಹೈವೇಯಲ್ಲಿ ಓಡಿಸಿ ನೋಡಬಹುದಲ್ಲ?

ಮಿತಿ 100. ದಾರಿಯುದ್ದಕ್ಕೂ ಕ್ಯಾಮೆರಾ ಇದೆ, 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. ಎಂ340ಐಯಂಥ 374 ಕುದುರೆಶಕ್ತಿಯ ಗಾಡಿಗೆ 100 ಮುಟ್ಟಲು ಐದು ಸೆಕೆಂಡೂ ಬೇಡ. ಆಮೇಲೆ ಪಕ್ಕದ ಮಾರುತಿಯ ಜೊತೆಯಲ್ಲೇ ಗಣಂಗೂರು ಟೋಲಿಗೆ ಬರುತ್ತೀರಿ. ಒಳರಸ್ತೆಗಳಲ್ಲಿ ಇನ್ನೂ ಜೋಪಾನ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು, ರಸ್ತೆಗೆ ಉದುರಿದ ಕಬ್ಬಿನ ಜಲ್ಲೆ, ತಡೆಗೋಡೆಯಿಲ್ಲದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತಿರುವು. ಕತ್ತಲಾದ ಮೇಲೆ 60 ದಾಟುವ ರಸ್ತೆಗಳಲ್ಲ ಅವು. ವೇಗವೇ ಬೇಕಿದ್ದರೆ ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಒಂದು ದಿನಕ್ಕೆ ಹಣ ಕಟ್ಟಿ. ಟ್ರ್ಯಾಕಿನಲ್ಲಾದ ಹಾನಿಗೆ ವಿಮೆ ಇಲ್ಲ ಎಂಬುದು ನೆನಪಿರಲಿ.

ಅಪ್ಪನ ಹಳೇ ಕಾರು ಇನ್ನೂ ಅವರ ಹೆಸರಿನಲ್ಲೇ ಇದೆ. ವಿನಿಮಯಕ್ಕೆ ಕೊಡಬಹುದೇ?

ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೊತೆಗಿರಲಿ. ಆರ್‌ಸಿಯಲ್ಲಿ ನಾಮಿನಿ ನಮೂದಾಗಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಅವರ ನೋ ಕ್ಲೇಮ್ ಬೋನಸ್ಸನ್ನು ವಾರಸುದಾರರ ಹೆಸರಿಗೆ ಮುಂದುವರಿಸಲು ವಿಮಾ ಕಂಪನಿಗೆ ಅದೇ ಕಾಗದಗಳೊಂದಿಗೆ ಅರ್ಜಿ ಹಾಕಿ. ಸಾಮಾನ್ಯ ಮಾರಾಟದ ವರ್ಗಾವಣೆಯಲ್ಲಿ ಸಿಗದ ಈ ಸೌಲಭ್ಯವನ್ನು ಬಹಳ ಜನ ಕೇಳುವುದೇ ಇಲ್ಲ. ತೀರಿಕೊಂಡವರ ಸಹಿಯನ್ನು ಫಾರಂ 29ರ ಮೇಲೆ ತಾವೇ ಹಾಕಿಬಿಡುವ ದಲ್ಲಾಳಿಗಳಿದ್ದಾರೆ. ಅದು ಫೋರ್ಜರಿ, ಕೇಸು ಬಿದ್ದರೆ ಬೀಳುವುದು ನಿಮ್ಮ ಮೇಲೂ.